ಬ್ರೇಕಿನ ನಡುಕ

ನಮ್ಮ ಅಡುಗೆಮನೆಯಲ್ಲಿ ಸೌಟು, ಜಾಲರಿ, ಮುದ್ದೆಕೋಲು ನೇತುಹಾಕುವ ಮೊಳೆಗಳ ಸಾಲಿನಲ್ಲಿ ಕಾರಿನ ಚಕ್ರ ಬಿಚ್ಚುವ ಪಾನವೊಂದು ನೇತಾಡುತ್ತಿದೆ. ಮನೆಗೆ ಬಂದವರ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ. "ಇದೇನ್ರೀ ಸುಮತಿ, ಒಬ್ಬಟ್ಟು ಮಗುಚೋದಕ್ಕಾ?" ಎಂದು ನಗುತ್ತಾರೆ. ಹೂಂ ಅಂದುಬಿಡುತ್ತೇನೆ. ವಿವರಿಸಲು ಹೊರಟರೆ ಕಾಫಿ ಆರಿಹೋಗುತ್ತದೆ. ನಿಮಗೆ ಹೇಳಲು ಅಡ್ಡಿಯಿಲ್ಲ, ನೀವು ಕಾಫಿ ಕುಡಿದೇ ಕೂತಿದ್ದೀರಿ ಅಂದುಕೊಳ್ಳುತ್ತೇನೆ.

ಪಾನಕ್ಕೂ ನನಗೂ ಹುಟ್ಟಿನಿಂದ ಸಂಬಂಧವಿಲ್ಲ. ನಾನು ಬೆಳೆದದ್ದು ಅರಸೀಕೆರೆಯಲ್ಲಿ. ಅಪ್ಪನದು ಕೊಬ್ಬರಿ ವ್ಯಾಪಾರ. ಮನೆಯ ಮುಂದಿನ ಅರ್ಧ ಮಂಡಿ, ಹಿಂದಿನ ಅರ್ಧದಲ್ಲಿ ನಾವು. ನನ್ನ ಲೆಕ್ಕದ ಪುಸ್ತಕ ತೆರೆದರೂ ಕೊಬ್ಬರಿಯ ವಾಸನೆ ಬರುತ್ತಿತ್ತು. ಮೇಷ್ಟ್ರು ಅದನ್ನು ಮೂಸಿ, "ಲೆಕ್ಕ ತಪ್ಪಿದ್ರೂ ಚಟ್ನಿಗೆ ಆಗತ್ತೆ" ಅನ್ನುತ್ತಿದ್ದರು. ರೈಲು ಹಳಿ ಹತ್ತಿರವೇ ಇತ್ತು. ಗೂಡ್ಸ್ ಗಾಡಿ ಹೋದಾಗಲೆಲ್ಲ ಗೂಡಿನ ಪಾತ್ರೆಗಳು ಗಡಗಡ ನಡುಗುತ್ತಿದ್ದವು. ಆ ನಡುಕದಲ್ಲೇ ನಾವು ಉಂಡೆವು, ಜಗಳವಾಡಿದೆವು, ನಿದ್ದೆ ಮಾಡಿದೆವು. ಮದುವೆಯಾಗಿ ಹಳೇಬೀಡಿಗೆ ಬಂದ ಹೊಸದರಲ್ಲಿ ಇಲ್ಲಿಯ ಪಾತ್ರೆಗಳು ತೆಪ್ಪಗಿರುವುದನ್ನು ಕಂಡು ನನಗೆ ಒಂಥರಾ ಕಸಿವಿಸಿಯಾಗಿತ್ತು. ಚಿಕ್ಕಂದಿನಲ್ಲಿ ಅಣ್ಣ ಸೈಕಲ್ ರಿಪೇರಿಗೆ ಕೂತರೆ ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಗ್ರೀಸ್ ಮುಟ್ಟಲು ಕೈ ಚಾಚಿದರೆ ಅಮ್ಮ ಒಳಗಿನಿಂದಲೇ ಗದರುತ್ತಿದ್ದಳು: "ನಾಳೆ ಹೂ ಕಟ್ಟೋ ಕೈ ಅದು!" ಹಾಗಾಗಿ ನಾನು ಹೂ ಕಟ್ಟುವುದನ್ನು ಕಲಿತೆ. ಅದೂ ಅಷ್ಟಕ್ಕಷ್ಟೆ, ನನ್ನ ಮಾಲೆಯಲ್ಲಿ ಹೂವಿಗಿಂತ ದಾರವೇ ಹೆಚ್ಚು.

ಕಾರು ನಮ್ಮ ಮನೆಯವರದು. ಬೂದು ಬಣ್ಣದ್ದು, ಯಾರದೋ ಕೈ ದಾಟಿ ನಮ್ಮ ಅಂಗಳಕ್ಕೆ ಬಂದದ್ದು. ನಮಗೆ ಮಕ್ಕಳಿಲ್ಲ. ಬೆಳಗ್ಗೆ ಬಸದಿಗೆ ಹೋಗಿ ಬಂದ ಮೇಲೆ ಅವರ ಎರಡನೆಯ ಪೂಜೆ ಆ ಕಾರಿಗೆ. ತೊಳೆಯುವುದು, ಒರೆಸುವುದು, ಅಡಿಯಲ್ಲಿ ಮಲಗಿ ಏನನ್ನೋ ಬಿಗಿ ಮಾಡುವುದು. ಗ್ಯಾರೇಜಿಗೆ ಕೊಂಡೊಯ್ಯುವುದೆಂದರೆ ಅವರಿಗೆ ಅವಮಾನ. ತೆಂಗಿನಕಾಯಿ ವ್ಯಾಪಾರಕ್ಕೆಂದು ಗಂಡಸಿ, ಅರಸೀಕೆರೆ, ಬೇಲೂರು ಸುತ್ತಿ ಬಂದರೂ ಸಂಜೆ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಮನೆ ಸೇರುತ್ತಿದ್ದರು. ನಮ್ಮಲ್ಲಿ ಸೂರ್ಯ ಇಳಿದ ಮೇಲೆ ಉಣ್ಣುವುದಿಲ್ಲ. ಜಗಲಿಯಲ್ಲಿ ನಿಂತು ಆಕಾಶ ನೋಡಿ, "ಇನ್ನೂ ಟೈಮಿದೆ, ಒಂದು ಸೌಟು ಸಾರು ಬಡಿಸು" ಅನ್ನುವರು. ಗಡಿಯಾರವನ್ನು ಅವರೆಂದೂ ನಂಬಿದವರಲ್ಲ.

ಒಂದು ಸಂಜೆ ಅವರು ಜಗಲಿಯಲ್ಲಿ ನಿಂತು ಬಹಳ ಹೊತ್ತು ಆಕಾಶವನ್ನೇ ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಹೊತ್ತು ಮುಳುಗಿಬಿಡ್ತೇನೇ?" ಬಿಸಿಲಿನ್ನೂ ತೆಂಗಿನ ಗರಿಯ ಮೇಲೇ ಇತ್ತು.

ಸಕ್ಕರೆ ಕಾಯಿಲೆ ಕಣ್ಣಿನೊಳಗಿನ ನರಕ್ಕೆ ಹೋಗಿದೆ, ಒಳಗೆ ರಕ್ತ ಸೋರುತ್ತಿದೆ ಎಂದು ಹಾಸನದ ಕಣ್ಣಾಸ್ಪತ್ರೆಯಲ್ಲಿ ಹೇಳಿದರು. ಬಲಗಣ್ಣು ಬೇಗ ಹೋಯಿತು. ಎಡಗಣ್ಣಿಗೆ ಆಗಾಗ ಇಂಜೆಕ್ಷನ್ ಕೊಡಿಸುತ್ತ ಬಂದೆವು. ಕಣ್ಣಿಗೆ ಸೂಜಿ ಚುಚ್ಚುತ್ತಾರೆಂದರೆ ಕೇಳಿದವರು ಮುಖ ಹಿಂಡುತ್ತಾರೆ. ಅವರು ಮಾತ್ರ ಟೈರಿಗೆ ಗಾಳಿ ಹಾಕಿಸಿಕೊಂಡು ಬಂದವರಂತೆ ಹೊರಗೆ ಬರುತ್ತಿದ್ದರು.

ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ಬಸ್ಸಿನ ನೂಕುನುಗ್ಗಲಲ್ಲಿ ಅವರ ಕೈ ಒಂದು ಸಲ ನನ್ನ ಕೈಯಿಂದ ಜಾರಿತ್ತು. ಅಷ್ಟು ಜನರ ನಡುವೆ ಅವರು ಯಾವ ಕಡೆಗೂ ತಿರುಗದೆ ನಿಂತುಬಿಟ್ಟಿದ್ದರು. ಅದನ್ನು ನೋಡಿದ ಮೇಲೆ ಕಾರು ಕಲಿಯುತ್ತೇನೆ ಎಂದೆ, ಈ ವಯಸ್ಸಿನಲ್ಲಿ. ಕಲಿಸಿದವರೂ ಅವರೇ. ಗೆಂಡೆಹಳ್ಳಿ ಕಡೆಯ ಖಾಲಿ ರಸ್ತೆಯಲ್ಲಿ ಪಕ್ಕಕ್ಕೆ ಕೂತು ಅಪ್ಪಣೆ ಕೊಡುತ್ತಿದ್ದರು. "ಎಡಗಡೆ ಎಮ್ಮೆ ಇದೆ, ನೋಡ್ಕೊಂಡು ಹೋಗು."

"ಅದು ಎಮ್ಮೆ ಅಲ್ಲ ರೀ, ಬಂಡೆ."

"ಬಂಡೆ ಆದ್ರೆ ಚಿಂತೆ ಇಲ್ಲ, ಅಡ್ಡ ಬರಲ್ಲ," ಎಂದು ನಕ್ಕರು. ನಾನೂ ನಕ್ಕೆ. ಎಮ್ಮೆಗೂ ಬಂಡೆಗೂ ವ್ಯತ್ಯಾಸ ಕಾಣದ ಕಣ್ಣನ್ನು ನಂಬಿಕೊಂಡು ನಾನು ಡ್ರೈವಿಂಗ್ ಕಲಿಯುತ್ತಿದ್ದೆ.

ಅಂತೂ ಕಲಿತೆ. ಆಮೇಲೆ ಆ ನಡುಕ ಶುರುವಾಯಿತು.

ಸ್ವಲ್ಪ ವೇಗದಲ್ಲಿರುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗು ರಾಗಿಕಲ್ಲಿನ ಗೂಟದ ಹಾಗೆ ಕೈಯಲ್ಲಿ ಗಿರಗುಟ್ಟುವುದು. ಕಾಲಡಿಯ ಪೆಡಲ್ಲು ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದ ಜೀರುಂಡೆಯಂತೆ ಒದ್ದುಕೊಳ್ಳುವುದು. ಮುಂದಿನ ಸೀಟು ನಡುಗಿ, ಅದರ ಮೇಲೆ ಕೂತ ಅವರ ತಲೆ ಸಣ್ಣಗೆ ಅದುರುವುದು. ರಸ್ತೆಯಲ್ಲಿ ಬ್ರೇಕ್ ಹಾಕದೆ ಹೋಗಲು ಸಾಧ್ಯವೇ? ನಮ್ಮ ಕಡೆ ಪ್ರತಿ ಊರಿಗೂ ಹಂಪು, ಪ್ರತಿ ಹಂಪಿನ ಮೇಲೂ ಒಂದು ನಾಯಿ.

ನನಗೆ ಅದು ಬರೀ ಕಾರಿನ ತೊಂದರೆಯಾಗಿ ಕಾಣಲಿಲ್ಲ. ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಿದರೆ ಮೊಸರು ಕೂರುವುದಿಲ್ಲ, ಇದು ಯಾವ ಹೆಂಗಸಿಗೂ ಗೊತ್ತು. ಕಣ್ಣಿನೊಳಗಿನ ರಕ್ತ ತಿಳಿಯಾಗಲಿ ಎಂದು ಅಲ್ಲಿ ಸೂಜಿ ಚುಚ್ಚಿಸಿಕೊಂಡು ಬರುವುದು, ದಾರಿಯುದ್ದಕ್ಕೂ ಆ ತಲೆಯನ್ನು ಗಡಗಡ ಅಲ್ಲಾಡಿಸುವುದು! ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಆಕೆ ಚಿಕ್ಕ ವಯಸ್ಸಿನವಳು, ತಾಳ್ಮೆಯವಳು. "ಕಾರಿಗೂ ಕಣ್ಣಿಗೂ ಸಂಬಂಧ ಇಲ್ಲಮ್ಮ. ನೀವು ಸಕ್ಕರೆ ಕಡೆ ಗಮನ ಕೊಡಿ," ಎಂದಳು. ಸರಿ ಎಂದು ತಲೆಯಾಡಿಸಿದೆ. ಆದರೆ ಮನಸ್ಸಿಗೆ ಇಳಿಯದ ಮಾತು ಅದು. ಕಾರಿನ ನಡುಕ ನಿಂತರೆ ರಕ್ತ ನಿಲ್ಲುತ್ತದೆ, ರಕ್ತ ನಿಂತರೆ ಅವರಿಗೆ ಮತ್ತೆ ಎಮ್ಮೆ ಎಮ್ಮೆಯಾಗಿ, ಬಂಡೆ ಬಂಡೆಯಾಗಿ ಕಾಣುತ್ತದೆ. ಯಾರಿಗೂ ಹೇಳದೆ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಕ್ಕರೆ ನನ್ನ ಕೈ ಮೀರಿದ್ದು, ಕಣ್ಣು ಡಾಕ್ಟರ ಕೈಯಲ್ಲಿದ್ದದ್ದು. ನನ್ನ ಕೈಗೆ ಎಟುಕುವಂಥದ್ದು ಬ್ರೇಕು ಒಂದೇ.

ಮನೆಯವರನ್ನು ಒಪ್ಪಿಸಿ ಕಾರನ್ನು ಬೇಲೂರಿನ ಗ್ಯಾರೇಜೊಂದಕ್ಕೆ ಬಿಟ್ಟೆವು. ಬ್ರೇಕಿನ ಪ್ಯಾಡ್ ಹೊಸದು ಹಾಕಿ ಕೊಟ್ಟರು. ಒಂದಷ್ಟು ಕಾಲ ನೆಟ್ಟಗಿತ್ತು, ಮತ್ತೆ ಅದೇ ರಾಗಿಕಲ್ಲು. ಹೋಗಿ ಕೇಳಿದರೆ, "ಹಳೇ ಗಾಡಿ ಅಲ್ವಾಮ್ಮ, ಇವೆಲ್ಲ ಇರ್ತವೆ," ಎಂದರು. ಮನೆಯವರು ಪಕ್ಕದಲ್ಲೇ ಇದ್ದರು. ಹಳೇ ಗಾಡಿ ಎಂದದ್ದು ತಮಗೇ ಅಂದಂತೆ ಅವರ ಮುಖ ಸಣ್ಣದಾಯಿತು. ದಾರಿಯಲ್ಲಿ, "ಮಾರಿಬಿಡೋಣ," ಎಂದರು. ಸ್ವಲ್ಪ ಹೊತ್ತಿಗೆ, "ಇದು ಮನೇಲೇ ಆಗೋ ಕೆಲಸ. ನನಗೆ ಕಣ್ಣಿದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

"ನನಗಿದೆಯಲ್ಲ," ಎಂದೆ. "ನೀವು ಹೇಳಿ, ನಾನು ಮಾಡ್ತೀನಿ."

ಹಾಗೆ ಒಂದು ಬೆಳಗ್ಗೆ ಅಂಗಳದ ಚಪ್ಪರದಡಿ ಅವರು ಕುರ್ಚಿ ಹಾಕಿಸಿಕೊಂಡು ಕೂತರು, ನಾನು ಸೀರೆ ಎತ್ತಿ ಕಟ್ಟಿ ಚಕ್ರದ ಮುಂದೆ ಕೂತೆ. "ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಯಾ? ಎತ್ತೋಕೆ ಮುಂಚೆ ನಟ್ಟು ಸಡಿಲ ಮಾಡ್ಕೋ. ಜಾಕ್ ಒಂದನ್ನೇ ನಂಬಬೇಡ, ಅಡಿಗೆ ದಿಮ್ಮಿ ಇಡು." ನಾನು ಪಾನದ ಮೇಲೆ ನಿಂತು ಕುಣಿದೆ, ನಟ್ಟು ಅಲ್ಲಾಡಲಿಲ್ಲ. ಪಕ್ಕದ ಮನೆಯ ಜಯಮ್ಮ ಹಾಲು ಹಾಕಿ ಬರುತ್ತಿದ್ದವರು ಬೇಲಿಯ ಹತ್ತಿರ ನಿಂತರು.

"ಅಯ್ಯೋ ಸುಮತಮ್ಮ, ಇದೇನ್ ಕುಣಿತಾ ಇದೀರಾ? ಗಂಡಸ್ರು ಯಾರೂ ಸಿಗ್ನಿಲ್ವಾ ನಿಮ್ಗೆ?"

"ಗಂಡಸು ಇಲ್ಲೇ ಇದಾನೆ ಜಯಮ್ಮ," ಎಂದರು ಮನೆಯವರು ಕುರ್ಚಿಯಿಂದ. "ಕಣ್ಣು ಮಾತ್ರ ಅವಳ ಹತ್ರ ಇದೆ."

ಜಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಲಿನ ಕ್ಯಾನು ಕೆಳಗಿಟ್ಟು ಅವರೂ ಬಂದು ಪಾನದ ಮೇಲೆ ಒಂದು ಕಾಲಿಟ್ಟರು. ಇಬ್ಬರು ಹೆಂಗಸರ ಭಾರಕ್ಕೆ ನಟ್ಟು ಕಿರ್ ಎಂದು ಸೋತಿತು.

ಚಕ್ರ ಬಿಚ್ಚಿದರೆ ಒಳಗೆ ತಟ್ಟೆಯಂಥ ಡಿಸ್ಕು. ಅದನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿದಿರುವುದು ಕ್ಯಾಲಿಪರ್ರು. ಅದನ್ನು ಬಿಚ್ಚಿ, ಆಯಿಲ್ ಪೈಪಿನ ಮೇಲೆ ಭಾರ ಬೀಳದಂತೆ ಮೇಲಕ್ಕೆ ಕಟ್ಟಬೇಕು ಎಂದರು. ತಂತಿ ಸಿಗಲಿಲ್ಲ. ಲಂಗದ ಲಾಡಿ ತಂದು ಕಟ್ಟಿದೆ. "ಏನಲ್ಲಿ ಕಟ್ಟಿದ್ದು?" ಎಂದು ಕೇಳಿದರು. "ಹಗ್ಗ," ಎಂದೆ.

ಡಿಸ್ಕು ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮರದ ತುಂಡು ಅಡ್ಡವಿಟ್ಟು ಸುತ್ತಲೂ ಬಡಿದೆ. ಕೈಬಳೆ ಒಡೆಯಿತು. ಬೆವರು ಕಣ್ಣಿಗಿಳಿಯಿತು. ಈ ತುಕ್ಕು ಹಿಡಿದ ತಟ್ಟೆಗೆ ನಾನು ಯಾಕೆ ಹೀಗೆ ಬಡಿಯುತ್ತಿದ್ದೇನೆ, ಯಾರ ಮೇಲಿನ ಸಿಟ್ಟು ಇದು ಎಂದು ಒಂದು ಗಳಿಗೆ ನನಗೇ ಹೆದರಿಕೆಯಾಯಿತು. ಕೊನೆಗೆ ಅದು ಠಣ್ ಎಂದು ಕಳಚಿಕೊಂಡಿತು. ಅವರು ಎದ್ದು ಬಂದರು. ಅವರ ಕೈ ಹಿಡಿದು ಡಿಸ್ಕು ಕೂರುವ ಜಾಗದ ಮೇಲಿಟ್ಟೆ. ಬೆರಳುಗಳು ನಿಧಾನವಾಗಿ ಸುತ್ತಿ ಬಂದು ಒಂದು ಕಡೆ ನಿಂತವು.

"ಇಲ್ಲಿ ತುಕ್ಕು ಪದರ ಎದ್ದಿದೆ ನೋಡು. ಮಣೆ ಅಡಿಗೆ ಕಲ್ಲು ಸಿಕ್ಕಿದ ಹಾಗೆ. ಮೇಲೆ ಕೂತೋನು ಅಲ್ಲಾಡದೆ ಏನ್ಮಾಡ್ತಾನೆ? ಪ್ಯಾಡ್ ಬದಲಾಯಿಸಿದ್ರೆ ಏನ್ ಬಂತು!"

ಅಷ್ಟು ಖುಷಿಯಾಗಿ ಅವರು ಮಾತಾಡಿ ಬಹಳ ಕಾಲವಾಗಿತ್ತು. ಮಧ್ಯಾಹ್ನವೆಲ್ಲ ನಾನು ತಂತಿ ಬ್ರಷ್ಷಲ್ಲಿ ಉಜ್ಜಿದೆ, ಅವರು ಬೆರಳಲ್ಲಿ ನೋಡಿ, "ಇನ್ನೂ ಸ್ವಲ್ಪ," ಎಂದರು. ಹಂಡೆ ಉಜ್ಜಿದ ಅನುಭವ ಜೀವನದಲ್ಲಿ ಅದೊಂದು ಸಲ ಲೆಕ್ಕಕ್ಕೆ ಬಂತು. ಇನ್ನೊಂದು ಕಡೆಯ ಚಕ್ರದ್ದೂ ಅದೇ ಕಥೆ.

ಡಿಸ್ಕುಗಳ ಮೈಯೂ ಏರುತಗ್ಗಾಗಿತ್ತು. ಅರಸೀಕೆರೆಯಲ್ಲಿ ಅವರಿಗೆ ಗೊತ್ತಿರುವ, ಯಂತ್ರದಲ್ಲಿ ಕಬ್ಬಿಣ ಸವರಿ ಕೊಡುವ ಲೇತಿನವರಿದ್ದರು. ಎರಡನ್ನೂ ಬಟ್ಟೆಚೀಲದಲ್ಲಿ ಹಾಕಿಕೊಂಡು ಜಾವಗಲ್ ಮೇಲಿನ ಬಸ್ಸು ಹತ್ತಿದೆ. ಕಂಡಕ್ಟರು ಚೀಲ ಎತ್ತಿ ನೋಡಿ, "ಏನಮ್ಮ ಇದು, ಕಾವಲಿನಾ?" ಎಂದ. "ಹೂಂ, ದೋಸೆ ಕಾವಲಿ." "ಯಾವ ರಾಕ್ಷಸ್ರಿಗೆ ದೋಸೆ ಹುಯ್ತೀರಮ್ಮ?" ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕು ಕಿಟಕಿಯ ಕಡೆ ತಿರುಗಿದೆ. ಅರಸೀಕೆರೆಯಲ್ಲಿ ಇಳಿದು ನಡೆದೆ. ಅಪ್ಪನ ಮಂಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಕೊಬ್ಬರಿಯ ವಾಸನೆಯೇನಾದರೂ ಉಳಿದಿದೆಯೇ ಎಂದು ಎದುರಿಗೆ ನಿಂತು ಮೂಸಿದೆ. ಒಳಗಿದ್ದವರು ಏನು ಬೇಕು ಎಂದು ಕೇಳಿದ್ದರಿಂದ ನಾಚಿಕೆಯಾಗಿ ಮುಂದೆ ನಡೆದೆ. ಲೇತಿನವರು ಡಿಸ್ಕುಗಳನ್ನು ನಯವಾಗಿ ಸವರಿ ಕೊಟ್ಟು, "ಇನ್ನೊಂದ್ ಸಲ ಆಗಲ್ಲಮ್ಮ, ಇಷ್ಟೇ ಇದಕ್ಕೆ ಆಯಸ್ಸು," ಎಂದರು. ಹೊಳೆಯುವ ಆ ಬಿಲ್ಲೆಗಳಲ್ಲಿ ನನ್ನ ಮುಖ ಕಾಣಿಸಿತು. ಯಾವಾಗ ಇಷ್ಟು ವಯಸ್ಸಾಯಿತು ಅನ್ನಿಸಿತು.

ಮತ್ತೆ ಎಲ್ಲ ಜೋಡಿಸಿದೆವು. ನಟ್ಟುಗಳನ್ನು ಒಂದೇ ಕಡೆಯಿಂದ ಬಿಗಿಯಬಾರದು, ಎದುರುಬದುರು ನೋಡಿಕೊಂಡು ಒಂದೇ ಸಮ ಬಿಗಿಯಬೇಕು. ಇದನ್ನೆಲ್ಲ ಅವರು ಹೇಳಿದರು. ಒಂದು ಮಾತ್ರ ಹೇಳಲಿಲ್ಲ. ಹೊಸದಾಗಿ ಜೋಡಿಸಿದ ಮೇಲೆ, ಗಾಡಿ ಕದಲಿಸುವ ಮುಂಚೆ, ಪೆಡಲ್ಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಬೇಕಂತೆ. ಅಷ್ಟು ವರ್ಷ ಅವರ ಕಾಲು ತಾನಾಗಿ ಮಾಡಿಕೊಂಡು ಬಂದ ಕೆಲಸ. ಕಾಲಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

ನಮ್ಮ ಅಂಗಳ ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಇಳಿಜಾರು. ಸ್ಟಾರ್ಟ್ ಮಾಡಿ ಮುಂದೆ ಬಿಟ್ಟೆ. ಬ್ರೇಕ್ ಒತ್ತಿದೆ. ಪೆಡಲ್ಲು ಕೆಸರಿನಲ್ಲಿ ಕಾಲಿಟ್ಟಂತೆ ತಳದವರೆಗೂ ಹೋಯಿತು. ಕಾರು ನಿಲ್ಲಲಿಲ್ಲ. ನಾನು ಕಿರುಚಿದೆ. ಅದನ್ನು ಕೇಳಿ ಕುರ್ಚಿಯಲ್ಲಿದ್ದವರು ದಡಕ್ಕನೆ ಎದ್ದರು. ದನಿ ಬಂದ ಕಡೆಗೆ ಎರಡೂ ಕೈ ಚಾಚಿಕೊಂಡು, "ಸುಮತೀ, ಏನಾಯ್ತೇ, ಸುಮತೀ," ಎನ್ನುತ್ತ ನೇರ ಕಾರಿನ ಎದುರಿಗೇ ಬಂದರು.

ಹ್ಯಾಂಡ್ ಬ್ರೇಕನ್ನು ಯಾವಾಗ ಎಳೆದೆನೋ ನನಗೆ ನೆನಪಿಲ್ಲ. ಕಾರು ನಿಂತಾಗ ಅವರ ಪಂಚೆ ಬಂಪರಿಗೆ ತಾಗಿತ್ತು. ಅವರು ಬಗ್ಗಿ ಬಾನೆಟ್ಟನ್ನು ಮುಟ್ಟಿದರು, ಹಸುವಿನ ಬೆನ್ನು ಸವರಿದಂತೆ ಸವರಿದರು. ತಾವೆಲ್ಲಿ ನಿಂತಿದ್ದೇವೆ ಎಂಬುದು ಆಗ ಅವರಿಗೆ ತಿಳಿಯಿತು. ಹಾಗೇ ಕೆಳಗೆ ಕೂತರು. ನಾನು ಇಳಿದು ಹೋಗಿ ಪಕ್ಕದಲ್ಲಿ ಕೂತೆ.

"ಗುದ್ದಿದ್ರೂ ಚಿಂತೆ ಇರ್ಲಿಲ್ಲ ಕಣೇ," ಎಂದರು ಮೆಲ್ಲಗೆ. "ನಿನಗೊಂದು ಹೊರೆ ಇಳೀತಿತ್ತು."

"ಬಾಯಿ ಮುಚ್ಚಿ ರೀ!" ಎಂದೆ. ಮದುವೆಯಾದಾಗಿನಿಂದ ಅವರಿಗೆ ಹಾಗೆ ಅಂದವಳಲ್ಲ. ಅಂದ ಮೇಲೆ ಅಳು ಬಂತು. ಗ್ರೀಸ್ ಕೈಯಲ್ಲಿ ಮುಖ ಮುಚ್ಚಿಕೊಂಡದ್ದರಿಂದ ಮುಖವೆಲ್ಲ ಕಪ್ಪಾಗಿತ್ತು. ಅದನ್ನು ಕಂಡು ನಗಲು ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಪೆಡಲ್ ಒತ್ತಿ ಒತ್ತಿ ಗಟ್ಟಿ ಮಾಡಿಕೊಂಡು, ಅಂಗಳದಲ್ಲೇ ಮತ್ತೆ ಮತ್ತೆ ನಿಲ್ಲಿಸಿ ನೋಡಿ, ನಂಬಿಕೆ ಬಂದ ಮೇಲೆ ಮಾದಿಹಳ್ಳಿ ರಸ್ತೆಗೆ ಬಿಟ್ಟೆವು. ವೇಗ ಹೆಚ್ಚಿಸಿ ಬ್ರೇಕ್ ಒತ್ತಿದೆ. ಸ್ಟಿಯರಿಂಗು ಕೈಯಲ್ಲಿ ನಿದ್ದೆ ಹೋದ ಕೂಸಿನಂತೆ ಸುಮ್ಮನಿತ್ತು. ನಡುಕ ಇಲ್ಲ! ನಾನು ಸಣ್ಣ ಹುಡುಗಿಯ ಹಾಗೆ ಹಾರ್ನ್ ಹೊಡೆದೆ. "ಹೋಯ್ತು ರೀ, ಹೋಯ್ತು!" ಅವರು ಹೂಂ ಎಂದರು. ಇನ್ನು ಎಲ್ಲ ಸರಿಹೋಗುತ್ತದೆ ಎಂದು ನಾನು ಎಷ್ಟು ಗಟ್ಟಿಯಾಗಿ ನಂಬಿದ್ದೆನೆಂದರೆ, ಮನೆಗೆ ಬಂದವಳೇ ಗೋಡೆಯ ಮೊಳೆಗೆ ಪಾನ ನೇತುಹಾಕಿ ಅದಕ್ಕೆ ಕುಂಕುಮ ಇಟ್ಟೆ.

ಮುಂದಿನ ಸಲ ಹಾಸನಕ್ಕೆ ಹೋದದ್ದು ಹೂವಿನ ಮೇಲೆ ಹೋದಂತೆ. ಹಂಪು ಬಂದರೂ ನಾಯಿ ಬಂದರೂ ಅವರ ತಲೆ ಅದುರಲಿಲ್ಲ. ಆಗಾಗ ಓರೆಗಣ್ಣಲ್ಲಿ ನೋಡಿಕೊಳ್ಳುತ್ತಿದ್ದೆ, ಹೆಪ್ಪು ಹಾಕಿದ ಪಾತ್ರೆಯನ್ನು ನೋಡಿದ ಹಾಗೆ.

ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷೆ ಮಾಡಿದಳು. ಬೆರಳು ತೋರಿಸಿದಳು. ಕೈ ಬೀಸಿದಳು. ಟಾರ್ಚ್ ಬಿಟ್ಟು, "ಬೆಳಕು ಯಾವ ಕಡೆಯಿಂದ ಬರ್ತಿದೆ ಹೇಳಿ ಸರ್," ಎಂದಳು. ಅವರು ನನ್ನ ಕಡೆ ಕೈ ತೋರಿಸಿದರು. ಬೆಳಕು ಆ ಕಡೆ ಇರಲಿಲ್ಲ.

"ಇನ್ನು ಇಂಜೆಕ್ಷನ್ ಬೇಡ," ಎಂದಳು ಆಕೆ, ನನ್ನ ಮುಖ ನೋಡದೆ. "ಕೊಟ್ಟು ಉಪಯೋಗ ಇಲ್ಲ ಅಮ್ಮ."

"ಹಾಗಾದ್ರೆ ಇನ್ಮೇಲೆ ಬರೋದೇ ಬೇಡ್ವಾ?" ಎಂದು ಕೇಳಿದರು ಅವರು, ಶಾಲೆಗೆ ರಜೆ ಸಿಕ್ಕವರಂತೆ. ಆಕೆ ಅವರ ಭುಜ ಮುಟ್ಟಿದಳು.

ಕಾರಿನಲ್ಲಿ ಕೂತೆವು. ಊರಿನ ಕಡೆ ಹೊರಟೆ. ರಸ್ತೆ ಸಾಗಿದಂತೆಲ್ಲ ಕಾರು ಎಷ್ಟು ಚೆನ್ನಾಗಿ ನಿಲ್ಲುತ್ತಿತ್ತು, ಎಷ್ಟು ಚೆನ್ನಾಗಿ ಹೊರಡುತ್ತಿತ್ತು! ಆ ಚೆನ್ನಾಗಿರುವಿಕೆಯನ್ನು ಕಂಡು ನನಗೆ ಹೊಟ್ಟೆ ಉರಿಯಿತು. ಏನಾದರೂ ಒಂದು ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು. ಎಲ್ಲವೂ ಸರಿಯಾಗಿದ್ದ ಕಾರಿನಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

"ಎಲ್ಲಿದೀವಿ?" ಎಂದು ಕೇಳಿದರು.

ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಮತ್ತೆ ಹೇಳಿದೆ.

"ಮುಂಚೆ ಕೇಳ್ತಿರ್ಲಿಲ್ಲ ಅಲ್ವಾ ನಾನು?" ಎಂದರು. "ನೀನು ಬ್ರೇಕ್ ಹಿಡಿದಾಗೆಲ್ಲ ಗೊತ್ತಾಗೋದು. ಇದು ಶಾಲೆ ಹತ್ರದ ತಿರುವು, ಇದು ಬಸ್ ನಿಲ್ಲೋ ಜಾಗ ಅಂತ. ಆ ನಡುಕ ಹಿಡ್ಕೊಂಡೇ ಮನೆ ತಂಕ ಬರ್ತಿದ್ದೆ. ಈಗ ನೀನು ನಿಲ್ಸಿದ್ದೂ ಗೊತ್ತಾಗಲ್ಲ, ಹೊರಟಿದ್ದೂ ಗೊತ್ತಾಗಲ್ಲ."

ಅವರು ಬೇಸರದಿಂದ ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ್ದರು.

"ಈಗ ಹೊರಗೆ ಏನಿದೆ?"

"ರಾಗಿ ಹೊಲ."

"ಕೊಯ್ಲು ಆಗಿದೆಯಾ?"

"ಆಗಿದೆ. ಕೂಳೆ ಇದೆ."

"ಆಮೇಲೆ?"

"ತೆಂಗಿನ ತೋಟ. ಹೊಸ ಸಸಿ ಇಟ್ಟಿದಾರೆ."

"ಆಮೇಲೆ?"

ಎದುರಿನ ರಸ್ತೆ ನನ್ನ ಕಣ್ಣೀರಿನಲ್ಲಿ ಕಲಸಿಹೋಗಿತ್ತು. ಸೆರಗಿನಿಂದ ಒರೆಸಿಕೊಂಡೆ, ಮತ್ತೆ ತುಂಬಿಕೊಂಡಿತು.

"ಏನೂ ಇಲ್ಲ ಕಣ್ರೀ," ಎಂದೆ.

ಅವರು ನನ್ನ ಕಡೆ ತಿರುಗಿದರು.

"ಏನೂ ಇಲ್ಲದ್ದು ನನಗೇ ಕಾಣ್ತಿದೆಯಲ್ಲೇ," ಎಂದರು. "ಇರೋದು ಹೇಳು."